ಯಕ್ಷಗಾನದ ನೇರಪ್ರಸಾರದಲ್ಲಿ ಕೆಂಪು ವೇಷವೇ ಏಕೆ ಕೆಡುತ್ತದೆ? ಕಣ್ಣಿನ ಮಿತಿ ಮತ್ತು ವಿಡಿಯೊ ತಂತ್ರಜ್ಞಾನದ ಬಗ್ಗೆ ಚರ್ಚೆ

ಚೌಕಿಮನೆ

ನಾವು ಕೆಲವು ಗೆಳೆಯರು ಸೇರಿ ಕುಂದಾಪುರದ ಕಡೆಯ ಬಡಗುತಿಟ್ಟಿನ ಆಟಗಳನ್ನು ಅಂತರಜಾಲದಲ್ಲಿ ನೇರಪ್ರಸಾರ ಮಾಡುತ್ತಿದ್ದೇವೆ. ನೋಡುವವರಲ್ಲಿ ಬೆಂಗಳೂರು, ಮುಂಬಯಿಯವರೂ ಕೊಲ್ಲಿ ರಾಷ್ಟ್ರಗಳಲ್ಲಿರುವವರೂ ಹೆಚ್ಚು, ಮತ್ತು ಅವರಲ್ಲಿ ಬಹುಪಾಲು ಜನ ಫೋನಿನಲ್ಲಿಯೇ ನೋಡುತ್ತಾರೆ. ಕ್ಯಾಮೆರಾದ ಕಾರ್ಡಿನಲ್ಲಿ ಉಳಿಯುವ ಪ್ರತಿ ಚೆನ್ನಾಗಿಯೇ ಇರುತ್ತದೆ. ಅದೇ ದೃಶ್ಯ ನೇರಪ್ರಸಾರದಲ್ಲಿ ಬಂದಾಗ ಕೆಂಪು ದಗಲೆಯ (ವೇಷಧಾರಿಯ ಮೇಲಂಗಿಯ) ನೆರಿಗೆಗಳು ಕಾಣದಂತಾಗಿ ಇಡೀ ಎದೆಭಾಗ ಒಂದೇ ಬಣ್ಣದ ಮುದ್ದೆಯಾಗುತ್ತದೆ. ಪಕ್ಕದಲ್ಲಿಯೇ ನಿಂತ ಹಸಿರು ದಗಲೆಯ ವೇಷಧಾರಿಗೆ ಈ ತೊಂದರೆ ಇಲ್ಲ. ರಂಗಸ್ಥಳದ ಹಿಂದಿನ ಕತ್ತಲೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿಗಳು ಮೂಡುತ್ತವೆ. ದಿಗಿಣ (ಹಾರಿ ಸುತ್ತುವ ಕುಣಿತ) ಹೊಡೆಯುವಾಗ ವೇಷವೆಲ್ಲ ಚೌಕಚೌಕವಾಗಿ ಒಡೆಯುತ್ತದೆ.

ಬಿಟ್‌ರೇಟ್ ಹೆಚ್ಚಿಸಿ ಎಂಬ ಸಲಹೆ ಎಲ್ಲ ಕಡೆಯಿಂದಲೂ ಬಂದಿದೆ. ಆದರೆ ಗದ್ದೆಯ ನಡುವೆ ನಮಗೆ ಸಿಗುವ ಅಪ್‌ಲೋಡ್ ವೇಗದಲ್ಲಿ ಸೆಕೆಂಡಿಗೆ 6 ಮೆಗಾಬಿಟ್ ದಾಟುವುದು ಸಾಧ್ಯವಿಲ್ಲ. ಪ್ರಸಾರ 1080 ಸಾಲುಗಳದ್ದು, ಸೆಕೆಂಡಿಗೆ 30 ಫ್ರೇಮ್. ನನಗೆ ತಿಳಿಯಬೇಕಾದದ್ದು, ಕೆಂಪೇ ಏಕೆ ಎಂಬುದು.

ಅರೆಬೆಳಕು

ವಿಡಿಯೊ ಸಂಕುಚನದ ಕ್ಷೇತ್ರದಲ್ಲಿ ಕೆಲಸ ಮಾಡುವವನಾಗಿ ಉತ್ತರಿಸುತ್ತಿದ್ದೇನೆ. 1920×1080 ಪಿಕ್ಸೆಲ್‌ಗಳ ಚಿತ್ರವನ್ನು ಪಿಕ್ಸೆಲ್ಲಿಗೆ 24 ಬಿಟ್‌ನಂತೆ, ಸೆಕೆಂಡಿಗೆ 30 ಸಲ ಕಳುಹಿಸಬೇಕಾದರೆ ಸುಮಾರು 1,490 ಮೆಗಾಬಿಟ್ ಬೇಕು. ನಿಮ್ಮಲ್ಲಿರುವುದು 6. ಅಂದರೆ ಇನ್ನೂರೈವತ್ತರಲ್ಲಿ ಒಂದು ಪಾಲನ್ನು ಇಟ್ಟುಕೊಂಡು ಉಳಿದುದನ್ನು ಬಿಡಬೇಕು. ಯಾವುದನ್ನು ಬಿಟ್ಟರೆ ನೋಡುವವನಿಗೆ ಗೊತ್ತಾಗುವುದಿಲ್ಲ ಎಂಬ ಪ್ರಶ್ನೆಯ ಮೇಲೆಯೇ ಈ ತಂತ್ರಜ್ಞಾನದ ಬಹುಭಾಗ ನಿಂತಿದೆ, ಮತ್ತು ಅದಕ್ಕೆ ಉತ್ತರ ಹುಡುಕಿರುವುದು ಮನುಷ್ಯನ ಕಣ್ಣಿನಲ್ಲಿ.

ಮೊದಲ ಕತ್ತರಿ ಬಣ್ಣದ ಮೇಲೆ ಬೀಳುತ್ತದೆ. ಕೆಂಪು, ಹಸಿರು, ನೀಲಿ ಸಂಕೇತಗಳನ್ನು ಲೂಮಾ ಎಂಬ ಹೊಳಪಿನ ಸಂಕೇತವಾಗಿಯೂ ಕ್ರೋಮಾ ಎಂಬ ಎರಡು ಬಣ್ಣದ ಸಂಕೇತಗಳಾಗಿಯೂ ಬದಲಿಸಿ, ಲೂಮಾವನ್ನು ಪೂರ್ತಿಯಾಗಿ ಉಳಿಸಿಕೊಂಡು, ಕ್ರೋಮಾವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸಲಾಗುತ್ತದೆ. ಇದನ್ನೇ 4:2:0 ಎನ್ನುತ್ತಾರೆ. ನಾಲ್ಕು ಪಿಕ್ಸೆಲ್‌ಗಳಿಗೆ ನಾಲ್ಕು ಹೊಳಪಿನ ಅಂಕಿಗಳು, ಬಣ್ಣದ್ದು ಒಂದೇ ಜೋಡಿ. ನಿಜವಾದ ಸಂಕುಚನ ಆರಂಭವಾಗುವ ಮೊದಲೇ ಅರ್ಧದಷ್ಟು ಮಾಹಿತಿ ಹೋಗಿರುತ್ತದೆ, ಮತ್ತು ಸಾಮಾನ್ಯ ದೃಶ್ಯಗಳಲ್ಲಿ ಯಾರೂ ಅದನ್ನು ಗುರುತಿಸುವುದಿಲ್ಲ.

ಈಗ ನಿಮ್ಮ ಕೆಂಪಿಗೆ ಬರೋಣ. ಎಚ್‌ಡಿ ವಿಡಿಯೊದ ಬಿಟಿ.709 ಮಾನದಂಡದಲ್ಲಿ ಲೂಮಾಕ್ಕೆ ಹಸಿರಿನ ಪಾಲು 0.7152, ಕೆಂಪಿನದು 0.2126, ನೀಲಿಯದು 0.0722. ಎಂಟು ಬಿಟ್‌ನ ವಿಡಿಯೊದಲ್ಲಿ ಕಪ್ಪು 16ರಲ್ಲಿಯೂ ಬಿಳಿ 235ರಲ್ಲಿಯೂ ಇರುವುದರಿಂದ, ಅಚ್ಚ ಹಸಿರಿನ ಲೂಮಾ 173ರಷ್ಟಾದರೆ ಅಚ್ಚ ಕೆಂಪಿನದು 63 ಮಾತ್ರ. ಹಳದಿಯಂತೂ 219ಕ್ಕೆ ಏರುತ್ತದೆ. ನಿಮ್ಮ ಕೆಂಪು ದಗಲೆಯ ನೆರಳು, ನೆರಿಗೆ, ಅಂಚು ಎಲ್ಲವೂ 16ರಿಂದ 63ರೊಳಗಿನ ಕಿರಿದಾದ ಜಾಗದಲ್ಲಿ ಬದುಕಬೇಕು. ಹಸಿರಿಗೆ ಅದರ ಮೂರು ಪಟ್ಟಿಗಿಂತ ಹೆಚ್ಚು ಜಾಗವಿದೆ. ಎನ್‌ಕೋಡರ್, ಅಂದರೆ ವಿಡಿಯೊವನ್ನು ಸಂಕುಚಿಸುವ ವ್ಯವಸ್ಥೆ, ಬಣ್ಣವನ್ನು ನೋಡಿ ಮರುಗುವುದಿಲ್ಲ. ಅದರ ಲೆಕ್ಕದಲ್ಲಿ ಆ ದಗಲೆ ಮಸುಕಾದ, ವಿವರ ಕಡಿಮೆಯಿರುವ ಪ್ರದೇಶ. ಅಲ್ಲಿ ಬಿಟ್ ಉಳಿಸಿದರೆ ನಷ್ಟವಿಲ್ಲ ಎಂದು ಅದು ತೀರ್ಮಾನಿಸುತ್ತದೆ.

ಸಂಶಯಾತ್ಮ

> ಸಾಮಾನ್ಯ ದೃಶ್ಯಗಳಲ್ಲಿ ಯಾರೂ ಅದನ್ನು ಗುರುತಿಸುವುದಿಲ್ಲ.

ಈ ‘ಸಾಮಾನ್ಯ’ ಎಂಬುದನ್ನು ನಿರ್ಧರಿಸಿದವರು ಯಾರು? ಚೌಕಿಮನೆಯವರ ಕಣ್ಣಿಗೆ ದೋಷ ಕಂಡಿದೆ. ಕಣ್ಣಿಗೆ ಕಾಣುವುದಿಲ್ಲ ಎಂದು ಹೇಳಿ ತೆಗೆದುಹಾಕಿದ್ದು ಕಣ್ಣಿಗೆ ಕಂಡಿದೆಯೆಂದರೆ, ಆ ಮಾನದಂಡ ಕಣ್ಣನ್ನು ತಪ್ಪಾಗಿ ಅಳೆದಿದೆ ಎಂದಷ್ಟೇ ಅರ್ಥವಲ್ಲವೇ?

ನೇತ್ರಾವತಿ

ನಾನು ದೃಷ್ಟಿ ತಪಾಸಣೆಯ ವೃತ್ತಿಯವಳು, ವಿಡಿಯೊದ ಒಳಗುಟ್ಟು ತಿಳಿದವಳಲ್ಲ. ಆದರೆ ಸಂಶಯಾತ್ಮ ಅವರ ಆಕ್ಷೇಪದಲ್ಲಿ ಅರ್ಧ ನಿಜವಿದೆ.

ಹಗಲಿನ ದೃಷ್ಟಿ ಶಂಕುಕೋಶಗಳದ್ದು. ಅವುಗಳಲ್ಲಿ ಮೂರು ಬಗೆ. ಉದ್ದ ಮತ್ತು ಮಧ್ಯಮ ತರಂಗಾಂತರಗಳಿಗೆ ಸ್ಪಂದಿಸುವ ಎರಡು ಬಗೆಯ ಕೋಶಗಳು ಬಹುಸಂಖ್ಯೆಯಲ್ಲಿದ್ದು, ಸೂಕ್ಷ್ಮ ಆಕಾರಗಳನ್ನು ಗುರುತಿಸುವ ಹೊಳಪಿನ ಸಂಕೇತ ಇವೆರಡರ ಕೂಡಿಕೆಯಿಂದ ಮೂಡುತ್ತದೆ. ನೀಲಿಯ ಕಡೆಗೆ ಸ್ಪಂದಿಸುವ ಕೋಶಗಳು ಒಟ್ಟು ಶಂಕುಕೋಶಗಳಲ್ಲಿ ನೂರಕ್ಕೆ ಹತ್ತನ್ನೂ ಮೀರುವುದಿಲ್ಲ. ನಾವು ಅಕ್ಷರ ಓದಲು ಬಳಸುವ ಅಕ್ಷಿಪಟದ ನಡುಗುಳಿಯ ಕೇಂದ್ರದಲ್ಲಿ ಅವು ಇಲ್ಲವೇ ಇಲ್ಲ. ಹೊಳಪಿನ ವ್ಯತ್ಯಾಸದಿಂದಾದ ಗೆರೆಗಳನ್ನು ಒಳ್ಳೆಯ ಕಣ್ಣು ಒಂದು ಡಿಗ್ರಿಯೊಳಗೆ ಐವತ್ತು ಜೋಡಿಯವರೆಗೆ ಬಿಡಿಸಿ ನೋಡಬಲ್ಲದು. ಹೊಳಪು ಒಂದೇ ಆಗಿದ್ದು ಬಣ್ಣ ಮಾತ್ರ ಬೇರೆಯಾಗಿರುವ ಗೆರೆಗಳಾದರೆ ಹತ್ತು–ಹನ್ನೆರಡು ಜೋಡಿಗೇ ಕಲಸಿಹೋಗುತ್ತವೆ. ಆದ್ದರಿಂದ ಕ್ರೋಮಾವನ್ನು ಇಳಿಸುವ ನಿರ್ಧಾರ ದೃಷ್ಟಿವಿಜ್ಞಾನಕ್ಕೆ ಒಪ್ಪುವಂಥದ್ದೇ. ಅಷ್ಟೇಕೆ, ಕಣ್ಣು ತಾನೇ ಇಂಥ ಕೆಲಸ ಮಾಡುತ್ತದೆ: ಒಂಬತ್ತು ಕೋಟಿಗೂ ಹೆಚ್ಚು ದಂಡಕೋಶಗಳೂ ಸುಮಾರು ಅರ್ಧ ಕೋಟಿ ಶಂಕುಕೋಶಗಳೂ ಇರುವ ಅಕ್ಷಿಪಟದಿಂದ ಮಿದುಳಿಗೆ ಹೋಗುವ ನರತಂತುಗಳು ಹತ್ತು ಲಕ್ಷದ ಆಸುಪಾಸಿನಲ್ಲಿವೆ.

ಆಕ್ಷೇಪದ ನಿಜವಾದ ಅರ್ಧ ಇದು. ಬಣ್ಣಗಳ ಹೊಳಪಿಗೆ ತೂಕ ಕೊಡುವ ಪದ್ಧತಿ 1924ರಲ್ಲಿ ಅಂತರರಾಷ್ಟ್ರೀಯ ಸಮಿತಿ ಒಪ್ಪಿದ, ಹಸಿರಿನ 555 ನ್ಯಾನೋಮೀಟರ್‌ನಲ್ಲಿ ಶಿಖರವಿರುವ ಒಂದು ವಕ್ರರೇಖೆಯಿಂದ ಬೆಳೆದು ಬಂದದ್ದು. ಗಾಢ ಬಣ್ಣಗಳು ಆ ರೇಖೆ ಹೇಳುವುದಕ್ಕಿಂತ ಹೆಚ್ಚು ಪ್ರಕಾಶಮಾನವಾಗಿ ಮನುಷ್ಯನಿಗೆ ತೋರುತ್ತವೆ. ಇದಕ್ಕೆ ಹೆಲ್ಮ್‌ಹೋಲ್ಟ್ಸ್–ಕೋಲ್‌ರೌಶ್ ಪರಿಣಾಮವೆಂದು ಹೆಸರು. ಕೆಂಪು, ನೀಲಿ, ನೇರಳೆಗಳಲ್ಲಿ ಇದು ಎದ್ದು ಕಾಣುತ್ತದೆ, ಹಳದಿಯಲ್ಲಿ ಬಹಳ ಕಡಿಮೆ. ಯಂತ್ರ ಮಸುಕು ಎಂದು ಎಣಿಸಿದ ದಗಲೆ ಪ್ರೇಕ್ಷಕನ ಕಣ್ಣಿಗೆ ರಂಗಸ್ಥಳದ ಅತ್ಯಂತ ಜ್ವಲಂತ ವಸ್ತು.

ಅರೆಬೆಳಕು

ನೇತ್ರಾವತಿ ಅವರು ಹೇಳಿದ್ದಕ್ಕೆ ಒಂದು ತಾಂತ್ರಿಕ ದೋಷವನ್ನೂ ಸೇರಿಸಬೇಕು. ಹೊಳಪಿನ ಮಾಹಿತಿಯೆಲ್ಲ ಲೂಮಾದಲ್ಲಿಯೇ ಇರಬೇಕೆಂಬುದು ಮೂಲ ಆಶಯ. ಆದರೆ ಮೂರು ಬಣ್ಣಗಳಿಗೂ ಮೊದಲು ಗಾಮಾ ತಿದ್ದುಪಡಿ (ಕತ್ತಲೆಯ ಕಡೆಗೆ ಹೆಚ್ಚು ಹಂತಗಳು ಸಿಗುವಂತೆ ಸಂಕೇತವನ್ನು ಬಾಗಿಸುವುದು) ಮಾಡಿ, ಆಮೇಲೆ ತೂಕ ಹಾಕಿ ಕೂಡಿಸುವ ಕ್ರಮ ರೂಢಿಯಲ್ಲಿರುವುದರಿಂದ, ಬೂದು ಬಣ್ಣಗಳಲ್ಲಿ ಲೆಕ್ಕ ಸರಿಯಾಗಿದ್ದರೂ ಗಾಢ ಬಣ್ಣಗಳಲ್ಲಿ ಹೊಳಪಿನ ಒಂದು ಪಾಲು ಕ್ರೋಮಾದೊಳಗೆ ಸೋರುತ್ತದೆ. ಆ ಕ್ರೋಮಾವನ್ನು ಕಾಲು ಭಾಗಕ್ಕೆ ಇಳಿಸಿದಾಗ ಬಣ್ಣದ ಜೊತೆಗೆ ಹೊಳಪಿನ ವಿವರವೂ ಹೋಗುತ್ತದೆ. ಕಣ್ಣಿನ ಸಿದ್ಧಾಂತ ಸರಿಯಾಗಿಯೇ ಇತ್ತು. ಅದನ್ನು ಅಗ್ಗದ ಸರ್ಕ್ಯೂಟಿನಲ್ಲಿ ಅಳವಡಿಸುವಾಗ ಆದ ರಾಜಿ ಇದು.

ಹಳೇ ಆಂಟೆನಾ

ಆ ರಾಜಿ ನಮ್ಮ ಕಾಲದ್ದು. ನಾನು ಪ್ರಸಾರ ಎಂಜಿನಿಯರ್ ಆಗಿ ನಿವೃತ್ತನಾದವನು. ಹೊಳಪನ್ನೂ ಬಣ್ಣವನ್ನೂ ಬೇರ್ಪಡಿಸಿ ಕಳುಹಿಸುವ ಯೋಚನೆಗೆ ಫ್ರಾನ್ಸಿನ ಜಾರ್ಜ್ ವಾಲೆನ್ಸಿ 1938ರಲ್ಲಿಯೇ ಪೇಟೆಂಟ್ ಕೋರಿದ್ದರು. ಅಮೆರಿಕದಲ್ಲಿ ಆರ್‌ಸಿಎ ಕಂಪನಿಯ ಆಲ್ಡಾ ಬೆಡ್‌ಫೋರ್ಡ್, ಸೂಕ್ಷ್ಮ ವಿವರಗಳಲ್ಲಿ ಕಣ್ಣು ಬಣ್ಣವನ್ನು ಗುರುತಿಸುವುದಿಲ್ಲವಾದ್ದರಿಂದ ಆ ವಿವರಗಳನ್ನು ಕಪ್ಪು–ಬಿಳುಪಿನಲ್ಲಿಯೇ ಕಳುಹಿಸಿದರೆ ಸಾಕು ಎಂಬ ಪದ್ಧತಿಯನ್ನು ಬೆಳೆಸಿದರು. 1953ರ ಡಿಸೆಂಬರಿನಲ್ಲಿ ಅಲ್ಲಿ ಒಪ್ಪಿಗೆ ಪಡೆದ ಎನ್‌ಟಿಎಸ್‌ಸಿ ಬಣ್ಣದ ವ್ಯವಸ್ಥೆ ಹೊಳಪಿಗೆ 4.2 ಮೆಗಾಹರ್ಟ್ಸ್ ಕೊಟ್ಟಿತು. ಬಣ್ಣಕ್ಕೆ ಕೊಟ್ಟ ಎರಡು ಸಂಕೇತಗಳನ್ನು ಮಾತ್ರ ಸಮನಾಗಿ ನೋಡಲಿಲ್ಲ. ಕಿತ್ತಳೆಯಿಂದ ಹಸಿರುನೀಲಿಯವರೆಗಿನ ದಿಕ್ಕಿನಲ್ಲಿ ಕಣ್ಣು ಹೆಚ್ಚು ಚುರುಕೆಂದು, ಮನುಷ್ಯರ ಮೈಬಣ್ಣವೂ ಅದೇ ದಿಕ್ಕಿನಲ್ಲಿರುವುದರಿಂದ, ಅದಕ್ಕೆ ಸುಮಾರು 1.3 ಮೆಗಾಹರ್ಟ್ಸ್; ಹಸಿರಿನಿಂದ ನೇರಳೆಯ ಕಡೆಗಿನ ದಿಕ್ಕಿಗೆ ಅದರ ಅರ್ಧಕ್ಕಿಂತಲೂ ಕಡಿಮೆ. ಇಂದಿನ ಡಿಜಿಟಲ್ 4:2:0ದಲ್ಲಿ ಈ ತಾರತಮ್ಯವಿಲ್ಲ, ಎರಡಕ್ಕೂ ಒಂದೇ ಅಳತೆ. ಕಣ್ಣನ್ನು ಓದಿದ ಮಟ್ಟಿಗೆ ಹಳಬರೇ ಜಾಣರು ಎಂದು ನನ್ನ ಅಭಿಪ್ರಾಯ, ಆದರೆ ಮಾರುಕಟ್ಟೆಗೆ ಬಂದ ಹೆಚ್ಚಿನ ಸೆಟ್‌ಗಳು ಖರ್ಚು ಉಳಿಸಲು ಆ ಹೆಚ್ಚುವರಿ ಅಗಲವನ್ನು ಬಳಸಲೇ ಇಲ್ಲ ಎಂಬುದನ್ನೂ ಒಪ್ಪಬೇಕು.

ನಮ್ಮ ದೇಶಕ್ಕೆ ಬಣ್ಣ ಬಂದದ್ದು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ. ನಾವು ಆರಿಸಿಕೊಂಡದ್ದು ಜರ್ಮನಿಯ ವಾಲ್ಟರ್ ಬ್ರುಖ್ ರೂಪಿಸಿದ ಪಾಲ್ ವ್ಯವಸ್ಥೆ. ದಾರಿಯಲ್ಲಿ ಬಣ್ಣದ ಛಾಯೆ ಒಂದು ಕಡೆಗೆ ಜಾರಿದರೆ, ಮುಂದಿನ ಸಾಲಿನಲ್ಲಿ ಅದು ವಿರುದ್ಧ ದಿಕ್ಕಿಗೆ ಜಾರುವಂತೆ ಇಲ್ಲಿ ಸಂಕೇತವನ್ನು ಸಾಲು ಬಿಟ್ಟು ಸಾಲು ಮಗುಚಲಾಗುತ್ತದೆ. ಸರಳ ಸೆಟ್‌ಗಳಲ್ಲಿ ಆ ಎರಡು ತಪ್ಪು ಛಾಯೆಗಳನ್ನು ಕೂಡಿಸಿ ಸರಿಪಡಿಸುವ ಕೆಲಸವನ್ನು ಪ್ರೇಕ್ಷಕನ ಕಣ್ಣಿಗೇ ಬಿಡಲಾಗಿತ್ತು. ಒಳ್ಳೆಯ ಸೆಟ್‌ಗಳಲ್ಲಿ ಹಿಂದಿನ ಸಾಲನ್ನು ತಡೆದಿಡುವ 64 ಮೈಕ್ರೋಸೆಕೆಂಡಿನ ಡಿಲೇ ಲೈನ್ ಆ ಕೆಲಸ ಮಾಡುತ್ತಿತ್ತು. ಪ್ರೇಕ್ಷಕನ ಅಕ್ಷಿಪಟವನ್ನೇ ಯಂತ್ರದ ಒಂದು ಬಿಡಿಭಾಗವಾಗಿ ಎಣಿಸಿದ ಇಂಥ ಇನ್ನೊಂದು ವಿನ್ಯಾಸವನ್ನು ನಾನು ನೋಡಿಲ್ಲ.

ಚೌಕಿಮನೆ

ಇಷ್ಟು ವಿವರವಾದ ಉತ್ತರಗಳಿಗೆ ವಂದನೆಗಳು. ಹಾಗಾದರೆ ದಗಲೆಯನ್ನು ಬದಲಿಸದೆ ನಾವು ಮಾಡಬಹುದಾದದ್ದು ಏನು? ಕತ್ತಲೆಯ ಪಟ್ಟಿಗಳಿಗೂ ಇದೇ ಕಾರಣವೇ?

ಅರೆಬೆಳಕು

ಕೆಂಪಿಗೆ ಮೊದಲು ಹೇಳುತ್ತೇನೆ. ನಿಮ್ಮ ದೀಪಗಳ ಕೆಳಗೆ ಕ್ಯಾಮೆರಾದ ಕೆಂಪು ಸಂಕೇತ ಗರಿಷ್ಠ ಮಿತಿಯನ್ನು ಮುಟ್ಟಿ ಅಲ್ಲಿಯೇ ನಿಂತಿರುವ ಸಾಧ್ಯತೆ ಇದೆ. ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ ನೋಡಿ. ಅನಂತರ ಕೆಂಪಿನ ಗಾಢತೆಯನ್ನು ಒಂದಿಷ್ಟು ತಗ್ಗಿಸಿ. ಕೆಂಪು 255 ಆಗಿರುವಲ್ಲಿ ಹಸಿರು 40, ನೀಲಿ 30ರಷ್ಟು ಸೇರಿದರೂ ಅದರ ಹೊಳಪಿನ ಲೆಕ್ಕ (ಇಲ್ಲಿ 16–235ರ ಬದಲು 0–255ರ ಅಳತೆಯಲ್ಲಿ) 54ರಿಂದ 85ಕ್ಕೆ ಏರುತ್ತದೆ. ಕಣ್ಣಿಗೆ ಅದು ಕೆಂಪಾಗಿಯೇ ಉಳಿಯುತ್ತದೆ, ಎನ್‌ಕೋಡರ್‌ಗೆ ನೆರಿಗೆಗಳು ಕಾಣತೊಡಗುತ್ತವೆ. ಎದುರಿನಿಂದ ಮಾತ್ರ ಬೆಳಕು ಚೆಲ್ಲದೆ ಪಕ್ಕದಿಂದಲೂ ಬಿಳಿ ಬೆಳಕು ಬಿದ್ದರೆ ಇನ್ನೂ ಒಳ್ಳೆಯದು. ಬಟ್ಟೆಯ ಮೇಲಿನ ಬಿಳಿ ಮಿನುಗು ಲೂಮಾದಲ್ಲಿಯೇ ದಾಖಲಾಗುತ್ತದೆ.

ಕತ್ತಲೆಯ ಪಟ್ಟಿಗಳದ್ದು ಬೇರೆಯೇ ಕತೆ. ಕಣ್ಣು ಬೆಳಕನ್ನು ಅನುಪಾತದಲ್ಲಿ ಅಳೆಯುತ್ತದೆ. ಸಾಕಷ್ಟು ಬೆಳಕಿರುವಲ್ಲಿ ಸುಮಾರು ನೂರಕ್ಕೆ ಒಂದರಷ್ಟು ಏರುಪೇರಾದರೆ ಅದಕ್ಕೆ ತಿಳಿಯುತ್ತದೆ. ಬೆಳಕಿನ ಪ್ರಮಾಣವನ್ನು ಇದ್ದಂತೆಯೇ ಸಮಾನ ಹಂತಗಳಲ್ಲಿ ದಾಖಲಿಸಿದರೆ ಬೆಳಕಿನ ಕಡೆ ಹಂತಗಳು ವ್ಯರ್ಥವಾಗಿ ಕತ್ತಲೆಯ ಕಡೆ ಸಾಲದೆ ಹೋಗುತ್ತವೆ. ಹಳೆಯ ಪಿಕ್ಚರ್ ಟ್ಯೂಬ್‌ನಲ್ಲಿ ವೋಲ್ಟೇಜಿಗೂ ಬೆಳಕಿಗೂ ಇದ್ದ ವಕ್ರ ಸಂಬಂಧ ಕಣ್ಣಿನ ಈ ಸ್ವಭಾವಕ್ಕೆ ಹೆಚ್ಚುಕಡಿಮೆ ತಲೆಕೆಳಗಾಗಿ ಹೊಂದಿಕೊಂಡದ್ದು ಕಾಕತಾಳೀಯ. ಆ ಅದೃಷ್ಟದಿಂದಾಗಿಯೇ ಎಂಟು ಬಿಟ್‌ಗಳಲ್ಲಿ ಇಷ್ಟು ವರ್ಷ ವಿಡಿಯೊ ನಡೆದುಬಂತು. ಟ್ಯೂಬ್ ಹೋದರೂ ಗಾಮಾ ಉಳಿದದ್ದು ಕಣ್ಣಿನ ಸಲುವಾಗಿ.

ಆದರೆ ಆ ಎಂಟು ಬಿಟ್‌ನ ಲೆಕ್ಕ ಹಾಕಿದಾಗ ಎದುರಿಗಿದ್ದುದು ದೀಪ ಹೊತ್ತಿದ ಕೋಣೆಯ, ಅಷ್ಟೇನೂ ಪ್ರಕಾಶವಿಲ್ಲದ ಟಿವಿ. ಕೋಣೆಯ ಬೆಳಕು ಪರದೆಯ ಮೇಲೆ ಬಿದ್ದು ಕಪ್ಪನ್ನು ಬೂದಾಗಿಸುತ್ತಿತ್ತು, ಅಲ್ಲಿನ ಮೆಟ್ಟಿಲುಗಳು ಮುಚ್ಚಿಹೋಗುತ್ತಿದ್ದವು. ಇಂದು ನಿಮ್ಮ ಪ್ರೇಕ್ಷಕರು ನಡುರಾತ್ರಿ, ದೀಪ ಆರಿಸಿದ ಕೋಣೆಯಲ್ಲಿ, ಓಲೆಡ್ ಪರದೆಯ ಫೋನಿನಲ್ಲಿ ನೋಡುತ್ತಾರೆ. ಮುಚ್ಚುವ ಬೆಳಕು ಇಲ್ಲ. ಅದರ ಮೇಲೆ ಕಣ್ಣು ಪಟ್ಟಿಗಳ ಅಂಚನ್ನು ಇದ್ದುದಕ್ಕಿಂತ ಹೆಚ್ಚು ಮಾಡಿ ತೋರಿಸುತ್ತದೆ. ಅರ್ನ್ಸ್ಟ್ ಮಾಖ್ 1865ರಲ್ಲಿಯೇ ವಿವರಿಸಿದ ಭ್ರಮೆ ಇದು. 2014ರಲ್ಲಿ ಪ್ರಮಾಣೀಕೃತವಾದ ಪಿಕ್ಯೂ ಎಂಬ ಎಚ್‌ಡಿಆರ್ (ಹೆಚ್ಚಿನ ಪ್ರಕಾಶ ವ್ಯಾಪ್ತಿಯ ವಿಡಿಯೊ) ವಕ್ರರೇಖೆಯನ್ನು, ಪ್ರತಿಯೊಂದು ಬೆಳಕಿನ ಮಟ್ಟದಲ್ಲಿಯೂ ಕಣ್ಣು ಗುರುತಿಸಬಲ್ಲ ಅತಿ ಚಿಕ್ಕ ವ್ಯತ್ಯಾಸವನ್ನು ಲೆಕ್ಕ ಹಾಕಿ, 10,000 ನಿಟ್‌ವರೆಗೆ (ನಿಟ್ ಪರದೆಯ ಪ್ರಕಾಶದ ಮಾನ) ಎಳೆದದ್ದು ಇದೇ ಕಾರಣಕ್ಕೆ.

ಸಣ್ಣ ಪ್ರಮಾಣದ ನಾಯ್ಸ್ (ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ಏರುಪೇರು) ಇದ್ದರೆ ಪಟ್ಟಿಗಳು ಕರಗುತ್ತವೆ ಎಂಬುದು 1962ರಿಂದಲೂ ತಿಳಿದ ವಿಷಯ. ಆ ಪ್ರಯೋಗ ಮಾಡಿದ ಲಾರೆನ್ಸ್ ರಾಬರ್ಟ್ಸ್ ಮುಂದೆ ಅಂತರಜಾಲದ ಪೂರ್ವಜವಾದ ಅರ್ಪಾನೆಟ್‌ನ ಶಿಲ್ಪಿಗಳಲ್ಲಿ ಒಬ್ಬರಾದರು. ನಿಮ್ಮ ಕ್ಯಾಮೆರಾದ ಮೂಲಪ್ರತಿಯಲ್ಲಿ ಪಟ್ಟಿಗಳಿಲ್ಲದಿರುವುದು ಬಹುಶಃ ಅದರ ಸ್ವಂತ ನಾಯ್ಸ್‌ನಿಂದಾಗಿ. ಬಿಟ್ ಸಾಲದ ಎನ್‌ಕೋಡರ್ ಆ ನಾಯ್ಸ್ ಅನ್ನು ಮೊದಲು ಗುಡಿಸಿಹಾಕುತ್ತದೆ. ನೀವು ಬಳಸುವುದು ಎಕ್ಸ್264 ಎಂಬ ಎನ್‌ಕೋಡರ್ ಆಗಿದ್ದರೆ ಅದರ ಅಡಾಪ್ಟಿವ್ ಕ್ವಾಂಟೈಸೇಶನ್ ವಿಧಾನವನ್ನು 3ಕ್ಕೆ ಬದಲಿಸಿ, ಅದು ಕತ್ತಲೆಯ ಭಾಗಗಳಿಗೆ ಹೆಚ್ಚು ಬಿಟ್ ಕೊಡುತ್ತದೆ. ಜೊತೆಗೆ ಹಿಂದಿನ ಪರದೆಯ ಮೇಲೆ ಬೆಳಕು ಅರೆಬರೆಯಾಗಿ ಚೆಲ್ಲದಂತೆ ನೋಡಿಕೊಳ್ಳಿ. ಪೂರ್ತಿ ಕಪ್ಪಿನಲ್ಲಿ ಪಟ್ಟಿ ಮೂಡುವುದಿಲ್ಲ, ಚೆನ್ನಾಗಿ ಬೆಳಗಿದ ಪರದೆಯಲ್ಲಿಯೂ ಮೂಡುವುದಿಲ್ಲ.

ಕೊಡಚಾದ್ರಿ

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂದು ಬಿಂಬ ಅಕ್ಷಿಪಟದ ಮೇಲೆ ಸೆಕೆಂಡಿನ ಹದಿನಾರನೇ ಒಂದು ಭಾಗದಷ್ಟು ಕಾಲ ಉಳಿಯುತ್ತದೆ, ಆದ್ದರಿಂದ ಸೆಕೆಂಡಿಗೆ 16ಕ್ಕಿಂತ ಹೆಚ್ಚು ಚಿತ್ರಗಳನ್ನು ತೋರಿಸಿದರೆ ಚಲನೆ ಕಾಣುತ್ತದೆ ಎಂದು ಪಠ್ಯದಲ್ಲಿದೆ. ಹಾಗಿದ್ದರೆ 30 ಫ್ರೇಮ್‌ಗಳು ಬೇಕಾದಷ್ಟಾಯಿತು. ದಿಗಿಣ ಏಕೆ ಒಡೆಯಬೇಕು?

ನೇತ್ರಾವತಿ

ಗುರುಗಳೇ, ಪಠ್ಯದ ಆ ವಾಕ್ಯ ಎರಡು ಬೇರೆ ಸಂಗತಿಗಳನ್ನು ಒಂದಾಗಿಸಿದೆ. ಬಿಂಬ ಉಳಿಯುವುದರಿಂದಲೇ ಚಲನೆ ಕಾಣುವುದಾದರೆ ನಮಗೆ ಕಾಣಬೇಕಾದದ್ದು ಒಂದರ ಮೇಲೊಂದು ಹೇರಿದ ಚಿತ್ರಗಳ ರಾಶಿ. ಪಕ್ಕಪಕ್ಕದ ಎರಡು ಗೆರೆಗಳನ್ನು ಸರಿಯಾದ ಅಂತರದಲ್ಲಿ ಒಂದಾದ ಮೇಲೊಂದು ತೋರಿಸಿದರೆ ಒಂದೇ ಗೆರೆ ಸರಿದಂತೆ ಕಾಣುತ್ತದೆ ಎಂಬುದನ್ನು ಮ್ಯಾಕ್ಸ್ ವರ್ಟ್‌ಹೈಮರ್ 1912ರಲ್ಲಿ ಪ್ರಕಟಿಸಿದರು. ಚಲನೆಯನ್ನು ಕಟ್ಟುವುದು ಮಿದುಳು, ಮತ್ತು ಅದಕ್ಕೆ ಸೆಕೆಂಡಿಗೆ ಹತ್ತು–ಹನ್ನೆರಡು ಚಿತ್ರಗಳೂ ಸಾಕಾಗುತ್ತವೆ. ಬೆಳಕಿನ ಮಿನುಗು ಮಾಯವಾಗುವುದು ಬೇರೆ ಮಾತು. ಅದಕ್ಕೆ ಬೇಕಾದ ವೇಗ ಪರದೆ ಪ್ರಕಾಶಮಾನವಾದಷ್ಟೂ ಏರುತ್ತದೆ, ಮತ್ತು ನೇರನೋಟಕ್ಕಿಂತ ಕಡೆಗಣ್ಣು ಮಿನುಗನ್ನು ಬೇಗ ಹಿಡಿಯುತ್ತದೆ. ಚಿತ್ರಮಂದಿರದ ಪ್ರೊಜೆಕ್ಟರ್ 24 ಫ್ರೇಮ್‌ಗಳಲ್ಲಿ ಪ್ರತಿಯೊಂದನ್ನೂ ಶಟರ್‌ನಿಂದ ಎರಡು ಸಲ ಮುಚ್ಚಿ ತೆರೆದು 48 ಮಿಂಚುಗಳನ್ನು ಮಾಡುತ್ತಿದ್ದುದು ಚಲನೆಗಾಗಿ ಅಲ್ಲ, ಮಿನುಗನ್ನು ಅಡಗಿಸಲು.

ಹಳೇ ಆಂಟೆನಾ

ಟಿವಿಯ ಇಂಟರ್‌ಲೇಸ್ ಹುಟ್ಟಿದ್ದೂ ಆ ಮಿನುಗಿನಿಂದಲೇ. ಸೆಕೆಂಡಿಗೆ 50 ಪೂರ್ಣ ಚಿತ್ರ ಕಳುಹಿಸಲು ಬ್ಯಾಂಡ್‌ವಿಡ್ತ್ ಇರಲಿಲ್ಲ, 25 ಕಳುಹಿಸಿದರೆ ಪರದೆ ಮಿಣುಕುತ್ತಿತ್ತು. ಆದ್ದರಿಂದ ಬೆಸ ಸಾಲುಗಳನ್ನು ಒಮ್ಮೆ, ಸರಿ ಸಾಲುಗಳನ್ನು ಇನ್ನೊಮ್ಮೆ ತೋರಿಸಿ ಕಣ್ಣಿಗೆ 50ರ ಭಾವನೆ ಕೊಡಲಾಯಿತು. ಬಿಬಿಸಿಯ 1936ರ 405 ಸಾಲುಗಳ ವ್ಯವಸ್ಥೆಯಿಂದ ನಮ್ಮ 625 ಸಾಲುಗಳವರೆಗೆ ಇದೇ ಉಪಾಯ. ಅದರ ಬೆಲೆ ತೆತ್ತದ್ದು ಚೌಕುಳಿ ಬಟ್ಟೆಗಳು. ಸಣ್ಣ ಅಡ್ಡಗೆರೆ ಒಂದೇ ಫೀಲ್ಡ್‌ನಲ್ಲಿ (ಬೆಸ ಅಥವಾ ಸರಿ ಸಾಲುಗಳ ಸರದಿಯಲ್ಲಿ) ಬಂದರೆ ಅದು ಸೆಕೆಂಡಿಗೆ 25 ಸಲ ಮಾತ್ರ ಹೊತ್ತಿ ಆರುತ್ತಿತ್ತು. ಕಸೆ ಸೀರೆ ಉಟ್ಟ ಬಡಗಿನ ವೇಷ ಸ್ಟುಡಿಯೊಗೆ ಬಂದರೆ ನಮ್ಮ ಕ್ಯಾಮೆರಾದವರು ಫೋಕಸ್ ಅನ್ನು ಕೂದಲೆಳೆಯಷ್ಟು ಮೆದುವಾಗಿಸುತ್ತಿದ್ದರು.

ಚೌಕಿಮನೆಯವರು 30 ಫ್ರೇಮ್ ಎಂದದ್ದು ನನ್ನ ಕಿವಿಗೆ ಚುಚ್ಚಿತು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದ್ದು, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಸ್ಥಿರವಾಗಿ ನೋಡುವ ಕಣ್ಣಿಗೆ ಅದು ಸಿಗುವುದಿಲ್ಲ, ಕ್ಯಾಮೆರಾಕ್ಕೆ ಸಿಗುತ್ತದೆ. ಶಟರ್ 1/60 ಇದ್ದರೆ ಪ್ರತಿ ಫ್ರೇಮಿಗೂ ಬೆಳಕಿನ ಬೇರೆ ಬೇರೆ ಪಾಲು ದಕ್ಕಿ ಚಿತ್ರದಲ್ಲಿ ಮಬ್ಬು ಪಟ್ಟಿಗಳು ಉರುಳುತ್ತವೆ, ಮತ್ತು ನಿಮ್ಮ ಎನ್‌ಕೋಡರ್ ಆ ಸುಳ್ಳು ಬದಲಾವಣೆಗೂ ಬಿಟ್ ವ್ಯಯಿಸುತ್ತದೆ. 25 ಅಥವಾ 50 ಫ್ರೇಮ್‌ಗೆ ಬದಲಿಸಿ, ಶಟರ್ 1/50 ಇಲ್ಲವೇ 1/100 ಇಡಿ.

ಅರೆಬೆಳಕು

ಆಂಟೆನಾ ಅವರ ಮಾತಿಗೆ ನನ್ನ ಪೂರ್ಣ ಸಹಮತ. ದಿಗಿಣದ ವಿಷಯದಲ್ಲಿ ಒಂದು ಮಾತು. ವೇಗವಾಗಿ ಚಲಿಸುವ ವಸ್ತುವಿನ ವಿವರ ಕಣ್ಣಿಗೆ ಕಾಣುವುದಿಲ್ಲ ಎಂಬ ನಂಬಿಕೆಯ ಮೇಲೆ ಬಿಟ್ ಉಳಿಸುವ ರೂಢಿ ಇದೆ. ಕಣ್ಣು ನಿಶ್ಚಲವಾಗಿದ್ದರೆ ಅದು ನಿಜ. ಆಟ ನೋಡುವವನ ಕಣ್ಣು ನಿಶ್ಚಲವಾಗಿರುವುದಿಲ್ಲ, ವೇಷಧಾರಿಯ ಮುಖವನ್ನು ಹಿಂಬಾಲಿಸುತ್ತದೆ, ಮತ್ತು ಹಿಂಬಾಲಿಸಿದ ಮೇಲೆ ಆ ಮುಖ ಅಕ್ಷಿಪಟದ ಮೇಲೆ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಈಗಿನ ಪರದೆಗಳು ಒಂದು ಫ್ರೇಮನ್ನು ಮುಂದಿನದು ಬರುವವರೆಗೆ ಹಿಡಿದಿಡುವುದರಿಂದ, ಸೆಕೆಂಡಿಗೆ 900 ಪಿಕ್ಸೆಲ್ ಸರಿಯುವ ಕಿರೀಟ 30 ಫ್ರೇಮ್‌ಗಳಲ್ಲಿ 30 ಪಿಕ್ಸೆಲ್‌ನಷ್ಟು ಕಲಸಿ ಕಾಣುತ್ತದೆ. 50 ಫ್ರೇಮ್‌ಗಳಲ್ಲಿ 18ರಷ್ಟು. ನಿಮಗೆ 50 ಫ್ರೇಮ್ ಬೇಕು.

ಸಂಶಯಾತ್ಮ

ಎಲ್ಲವನ್ನೂ ಕಣ್ಣಿನ ಖಾತೆಗೆ ಹಾಕುವ ಉತ್ಸಾಹಕ್ಕೆ ಒಂದು ತಡೆ. ಇಂದಿನ ವಿಡಿಯೊ ಸಂಕುಚನದ ಹೃದಯದಲ್ಲಿರುವ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಅನ್ನು ಕೊಟ್ಟವರು ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕದ ಕಾನ್ಸಾಸ್‌ನಲ್ಲಿ ಅಧ್ಯಾಪಕರಾದ ನಾಸಿರ್ ಅಹ್ಮದ್. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ ಅವರು ಬರೆದ ಲೇಖನ 1974ರ ಜನವರಿಯಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲು ಈ ಕೆಲಸಕ್ಕೆ ಧನಸಹಾಯ ಕೋರಿದ್ದ ಅರ್ಜಿಯನ್ನು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ತಿರಸ್ಕರಿಸಿತ್ತು. ಆ ಲೇಖನದಲ್ಲಿರುವುದು ಗಣಿತ: ಅಕ್ಕಪಕ್ಕದ ಪಿಕ್ಸೆಲ್‌ಗಳು ಒಂದನ್ನೊಂದು ಹೋಲುತ್ತವೆ ಎಂಬ ಅಂಕಿಅಂಶದ ಗುಣವನ್ನು ಬಳಸಿ ಮಾಹಿತಿಯನ್ನು ಕೆಲವೇ ಅಂಕಿಗಳಲ್ಲಿ ಒಟ್ಟುಗೂಡಿಸುವುದು. ಅಲ್ಲಿ ಕಣ್ಣಿಗೆ ಸ್ಥಾನವಿಲ್ಲ. ಹಿಂದಿನ ಫ್ರೇಮಿನಿಂದ ಮುಂದಿನದನ್ನು ಊಹಿಸುವುದೂ ಜಗತ್ತಿನ ಗುಣ, ಕಣ್ಣಿನ ಗುಣವಲ್ಲ.

ಅರೆಬೆಳಕು

ಇದು ಬೇಕಾಗಿದ್ದ ತಡೆ. ರೂಪಾಂತರ ಗಣಿತದ್ದು; ಆ ಅಂಕಿಗಳಲ್ಲಿ ಯಾವುದನ್ನು ಒರಟಾಗಿಸಬೇಕೆಂಬ ನಿರ್ಧಾರ ಕಣ್ಣಿನದು. ಸ್ಥಿರಚಿತ್ರಗಳ ಜೆಪೆಗ್ ಮಾನದಂಡದ ಮಾದರಿ ಕೋಷ್ಟಕದಲ್ಲಿ ಸರಾಸರಿ ಹೊಳಪನ್ನು 16ರಿಂದ ಭಾಗಿಸಿದರೆ ಅತಿ ಸೂಕ್ಷ್ಮ ಗೆರೆಗಳನ್ನು 99ರಿಂದ ಭಾಗಿಸಲಾಗುತ್ತದೆ. ಸೂಕ್ಷ್ಮ ಗೆರೆಗಳ ನಸುವ್ಯತ್ಯಾಸವನ್ನು ಕಣ್ಣು ಗುರುತಿಸಲಾರದು ಎಂಬುದೇ ಆಧಾರ. ಕೆಲವು ಎನ್‌ಕೋಡರ್‌ಗಳು ಇಂಥ ಕೋಷ್ಟಕವನ್ನೇ ಬಿಟ್ಟು ಸಮತಟ್ಟಾದ ಭಾಜಕ ಬಳಸಿ, ಗೊಂದಲದ ವಿನ್ಯಾಸವಿರುವಲ್ಲಿ ಹೆಚ್ಚು ಒರಟಾಗಿ, ನುಣುಪಾದಲ್ಲಿ ಕಡಿಮೆ ಒರಟಾಗಿ ನಡೆದುಕೊಳ್ಳುವ ದಾರಿ ಹಿಡಿದಿವೆ. ಅದೂ ಕಣ್ಣಿನ ಅಧ್ಯಯನದಿಂದ ಬಂದದ್ದೇ: ಗೊಂದಲದ ನಡುವೆ ತಪ್ಪು ಅಡಗುತ್ತದೆ.

ನಿಮ್ಮ ಮೊದಲ ಪ್ರಶ್ನೆ ಬಾಕಿ ಉಳಿದಿತ್ತು, ‘ಸಾಮಾನ್ಯ’ವನ್ನು ನಿರ್ಧರಿಸಿದವರು ಯಾರೆಂದು. ಬಿಟಿ.500 ಎಂಬ ಅಂತರರಾಷ್ಟ್ರೀಯ ಶಿಫಾರಸಿನ ಪ್ರಕಾರ ಕನಿಷ್ಠ 15 ಜನರನ್ನು, ದೃಷ್ಟಿ ಮತ್ತು ಬಣ್ಣದ ಪರೀಕ್ಷೆ ಮಾಡಿಸಿ, ನಿಗದಿತ ಬೆಳಕಿನ ಕೋಣೆಯಲ್ಲಿ, ನಿಗದಿತ ದೂರದಲ್ಲಿ ಕೂರಿಸಿ ಅಂಕ ಕೊಡಿಸುತ್ತಾರೆ. ಅಂಥ ಅಂಕಗಳಿಂದ ತರಬೇತಾದ, 2016ರಿಂದ ಬಳಕೆಯಲ್ಲಿರುವ ವಿಮ್ಯಾಫ್ ಎಂಬ ವಿಡಿಯೊ ಗುಣಮಟ್ಟದ ಅಳತೆಯ ಮೂಲ ಮಾದರಿ 1080 ಸಾಲುಗಳ ಟಿವಿಯನ್ನು ಅದರ ಎತ್ತರದ ಮೂರು ಪಟ್ಟು ದೂರದಿಂದ ನೋಡುವವನನ್ನು ಊಹಿಸಿಕೊಂಡಿದೆ. ಪ್ರತಿ ಮಾನದಂಡದೊಳಗೂ ಹೀಗೆ ಒಬ್ಬ ಪ್ರೇಕ್ಷಕ ಕುಳಿತಿದ್ದಾನೆ. ಕೆಂಪು ದಗಲೆಯಾಗಲಿ, ಕತ್ತಲ ಕೋಣೆಯಾಗಲಿ, ದೋಷ ಕಂಡದ್ದೆಲ್ಲ ನಿಜವಾದ ಪ್ರೇಕ್ಷಕ ಆತನಿಂದ ದೂರ ಸರಿದ ಕಡೆಯಲ್ಲಿ.

ದೂರದ ಲೆಕ್ಕ ನಿಮಗೆ ಅನುಕೂಲವಾಗಿಯೇ ಇದೆ, ಚೌಕಿಮನೆಯವರೇ. 6/6 ದೃಷ್ಟಿಯವನು ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗವನ್ನು ಬಿಡಿಸಿ ನೋಡುತ್ತಾನೆ ಎಂದು ಹಿಡಿದರೆ, 43 ಇಂಚಿನ ಟಿವಿಯಲ್ಲಿ 1080 ಸಾಲುಗಳು ಸುಮಾರು 1.7 ಮೀಟರ್ ದೂರದಲ್ಲಿ ಒಂದಾಗುತ್ತವೆ. ಆರೂವರೆ ಇಂಚಿನ ಫೋನನ್ನು ಅಡ್ಡ ಹಿಡಿದು 35 ಸೆಂಟಿಮೀಟರ್ ದೂರದಿಂದ ನೋಡುವವನಿಗೆ ಬಿಡಿಬಿಡಿಯಾಗಿ ಕಾಣುವುದು ಸುಮಾರು 660 ಸಾಲು. 720 ಸಾಲುಗಳನ್ನು 50 ಫ್ರೇಮ್‌ನಲ್ಲಿ ಕಳುಹಿಸಿ. ನೀವು ಈಗ ಕಳುಹಿಸುತ್ತಿರುವುದಕ್ಕಿಂತ ಕಾಲು ಭಾಗ ಕಡಿಮೆ ಪಿಕ್ಸೆಲ್‌ಗಳಾಗುತ್ತವೆ, ಚಲನೆ ನುಣುಪಾಗುತ್ತದೆ, ಪ್ರತಿ ಪಿಕ್ಸೆಲ್ಲಿಗೆ ಹೆಚ್ಚು ಬಿಟ್ ಸಿಗುತ್ತದೆ.

ನೇತ್ರಾವತಿ

6/6 ಎಂಬುದು ಗರಿಷ್ಠ ಮಿತಿಯಲ್ಲ, ಆರೋಗ್ಯವಂತ ಯುವಕರಲ್ಲಿ ಹಲವರದು ಅದಕ್ಕಿಂತ ಚುರುಕು. ಇನ್ನೊಂದು ಕಡೆ, ಅರುವತ್ತು ದಾಟಿದವರ ಅಕ್ಷಿಪಟಕ್ಕೆ ಇಪ್ಪತ್ತರ ಹರೆಯದವರಿಗೆ ಹೋಲಿಸಿದರೆ ಮೂರನೇ ಒಂದು ಭಾಗದಷ್ಟು ಬೆಳಕು ತಲುಪುತ್ತದೆ. ನಿಮ್ಮ ಪ್ರೇಕ್ಷಕರಲ್ಲಿ ಹಿರಿಯರು ಹೆಚ್ಚಿದ್ದರೆ ಕತ್ತಲೆಯ ಭಾಗವನ್ನು ತೀರಾ ಕತ್ತಲೆಯಾಗಿ ಬಿಡಬೇಡಿ.

ಇನ್ನೊಂದು ಎಚ್ಚರಿಕೆ. ರಕ್ಕಸ ವೇಷದ ಪ್ರವೇಶಕ್ಕೆ ಕೆಂಪು ದೀಪಗಳನ್ನು ಪಟಪಟನೆ ಮಿನುಗಿಸುವುದನ್ನು ಕೆಲವು ಕಡೆ ನೋಡಿದ್ದೇನೆ. 1997ರ ಡಿಸೆಂಬರಿನಲ್ಲಿ ಜಪಾನಿನ ಒಂದು ಕಾರ್ಟೂನಿನಲ್ಲಿ ಕೆಂಪು–ನೀಲಿ ಬೆಳಕು ಸೆಕೆಂಡಿಗೆ ಹನ್ನೆರಡು ಸಲದಂತೆ ಮಿನುಗಿದಾಗ ಆರುನೂರಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದರು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಂಚು ಬೇಡವೆಂಬ ಪ್ರಸಾರ ನಿಯಮವನ್ನು, ಅದರಲ್ಲಿಯೂ ಗಾಢ ಕೆಂಪಿಗೆ, ಪಾಲಿಸುವುದು ಲೇಸು.

ಚೌಕಿಮನೆ

ಮೊನ್ನೆಯ ಆಟದಲ್ಲಿ ನಿಮ್ಮೆಲ್ಲರ ಸಲಹೆಗಳನ್ನು ಅಳವಡಿಸಿದೆವು. 720 ಸಾಲು, 50 ಫ್ರೇಮ್, ಶಟರ್ 1/100, ಪಕ್ಕದಿಂದ ಒಂದು ಬಿಳಿ ದೀಪ. ದಗಲೆಯ ನೆರಿಗೆ ಕಾಣುತ್ತಿದೆ. ದಿಗಿಣದಲ್ಲಿ ಚೌಕಗಳು ಪೂರ್ತಿ ಹೋಗಿಲ್ಲ, ಆದರೆ ಮುಖಭಾವ ಉಳಿಯುತ್ತದೆ. ಟಿವಿಯಲ್ಲಿ ನೋಡುವ ಕೆಲವರು ಮೊದಲಿಗಿಂತ ಮಸುಕಾಗಿದೆ ಎಂದು ದೂರಿದರು, ಅವರ ಮಾತೂ ಸರಿ. ಹೊಸದಾಗಿ ಗಮನಕ್ಕೆ ಬಂದದ್ದು, ಭಾಗವತರ ಪದ ಬಾಯಿ ತೆರೆಯುವ ಮೊದಲೇ ಕೇಳಿಸುತ್ತದೆ.

ಹಳೇ ಆಂಟೆನಾ

ಮಿಕ್ಸರ್‌ನಿಂದ ಧ್ವನಿ ನೇರವಾಗಿ ಬರುತ್ತದೆ, ಚಿತ್ರ ಕ್ಯಾಮೆರಾದ ಸಂಸ್ಕರಣೆಯಲ್ಲಿ ತಡವಾಗುತ್ತದೆ. ಬಿಟಿ.1359 ಶಿಫಾರಸಿನ ಪ್ರಕಾರ ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದಾದರೆ ಜನರಿಗೆ ತಿಳಿಯುತ್ತದೆ. ಹಿಂದಾದರೆ 125ರವರೆಗೂ ತಿಳಿಯುವುದಿಲ್ಲ. ಬಯಲಾಟದಲ್ಲಿ ಮೂವತ್ತು ಮೀಟರ್ ಹಿಂದೆ ಕುಳಿತವನಿಗೆ ಚಂಡೆಯ ಪೆಟ್ಟು ಸುಮಾರು 90 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ, ಯಾರೂ ದೂರುವುದಿಲ್ಲ. ಧ್ವನಿ ಬೆಳಕಿಗಿಂತ ಹಿಂದೆ ಬರುವುದು ಮನುಷ್ಯನಿಗೆ ಹುಟ್ಟಿನಿಂದಲೇ ರೂಢಿಯಾಗಿದೆ. ತಂತ್ರಾಂಶದಲ್ಲಿ ಧ್ವನಿಗೆ ವಿಳಂಬ ಕೊಡಿ, ನಿಖರವಾಗಿ ಹೊಂದಿಸಲು ಆಗದಿದ್ದರೆ ಸ್ವಲ್ಪ ಹೆಚ್ಚೇ ಕೊಡಿ.

ಅರೆಬೆಳಕು

ಟಿವಿಯವರ ದೂರಿಗೆ, ಆಟ ಮುಗಿದ ಮೇಲೆ ಕಾರ್ಡಿನಲ್ಲಿರುವ 1080ರ ಪ್ರತಿಯನ್ನು ಬೇರೆಯಾಗಿ ಏರಿಸುವುದೇ ಸರಿಯಾದ ಪರಿಹಾರ.

ನಿಮ್ಮ ಪ್ರಸಾರವನ್ನು ನೋಡಿದೆ. ಕೆಳಗೆ ಪ್ರಸಂಗದ ಮತ್ತು ಕಲಾವಿದರ ಹೆಸರನ್ನು ನೀಲಿ ಪಟ್ಟಿಯ ಮೇಲೆ ಕೆಂಪು ಅಕ್ಷರಗಳಲ್ಲಿ ಹಾಕಿದ್ದೀರಿ. ಲೂಮಾದಲ್ಲಿ ಕೆಂಪು 63, ನೀಲಿ 32. ಇವೆರಡರ ನಡುವಿನ ಅಂಚು ಬಹುಮಟ್ಟಿಗೆ ಕ್ರೋಮಾದಲ್ಲಿಯೇ ಇದ್ದು, 4:2:0ದಲ್ಲಿ ಕರಗುತ್ತದೆ. ಕನ್ನಡದ ಒತ್ತಕ್ಷರಗಳು ಮೂಲಾಕ್ಷರದ ಅರ್ಧದಷ್ಟೇ ಗಾತ್ರದವಾದ್ದರಿಂದ ಮೊದಲು ಕಲಸಿಹೋಗುವುದು ಅವೇ. ಕಪ್ಪು ಅಂಚಿರುವ ಹಳದಿ ಅಥವಾ ಬಿಳಿ ಅಕ್ಷರ ಬಳಸಿ, ಮತ್ತು ಗಾತ್ರವನ್ನು ಮೂಲಾಕ್ಷರದಿಂದಲ್ಲ, ಒತ್ತಿನ ಎತ್ತರದಿಂದ ನಿರ್ಧರಿಸಿ. 720 ಸಾಲುಗಳ ಚಿತ್ರದಲ್ಲಿ ಒತ್ತಿಗೆ ಹದಿನೈದು ಸಾಲುಗಳಾದರೂ ಸಿಗಲಿ.